ಮರದ ಚಿತ್ರ: ಬರೆಯುವುದು ಎಡದಿಂದ, ಪ್ರಶ್ನೆ ಬರುವುದು ಬಲದಿಂದ

ಸೆಕೆಂಡ್ ಪಿಯುಸಿಯಲ್ಲಿ ಷರತ್ತುಬದ್ಧ ಸಂಭವನೀಯತೆ (ಒಂದು ವಿಷಯ ಗೊತ್ತಿದ್ದಾಗ ಇನ್ನೊಂದು ಎಷ್ಟು ಸಾಧ್ಯ ಎಂಬ ಲೆಕ್ಕ) ಬಂದಾಗ ನಾನು ಸೂತ್ರ ಬಾಯಿಪಾಠ ಮಾಡಿದೆ. ಲೆಕ್ಕ ಮಾತ್ರ ಹತ್ತಲಿಲ್ಲ. ಸಾಧ್ಯತೆಗಳನ್ನು ಕೊಂಬೆಗಳಾಗಿ ತೋರಿಸುವ ಮರದ ಚಿತ್ರ ಬಿಡಿಸೋಕೆ ಶುರು ಮಾಡಿದ ಮೇಲೆ ಕಣ್ಣಿಗೆ ಕಾಣತೊಡಗಿತು.

ನಮ್ಮ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕಗಳು ಬಹಳ. ಅಲ್ಲಿಂದಲೇ ಒಂದು ಲೆಕ್ಕ ತಗೊಳ್ಳೋಣ. (ಅಂಕಿಗಳು ಸುಮ್ನೆ ಲೆಕ್ಕಕ್ಕಾಗಿ ಇಟ್ಟುಕೊಂಡವು.) ಒಂದು ಅಂಗಡಿಗೆ 60% ಪ್ಯಾಂಟು ಮೊದಲ ಘಟಕದಿಂದ, 40% ಎರಡನೆಯದರಿಂದ ಬರುತ್ತವೆ. ಮೊದಲನೆಯದರಲ್ಲಿ 2% ಡ್ಯಾಮೇಜ್, ಎರಡನೆಯದರಲ್ಲಿ 5%. ಕೈಗೆ ಸಿಕ್ಕ ಒಂದು ಪ್ಯಾಂಟು ಡ್ಯಾಮೇಜ್ ಆಗಿದೆ. ಅದು ಎರಡನೇ ಘಟಕದ್ದಾಗಿರುವ ಸಂಭವನೀಯತೆ ಎಷ್ಟು?

ಇಲ್ಲಿ 5% ಎಂದು ಬರೆದುಬಿಡುವವರೇ ಜಾಸ್ತಿ. ಆದರೆ 5% ಎಂಬುದು ಬೇರೆ ಪ್ರಶ್ನೆಯ ಉತ್ತರ: ಎರಡನೇ ಘಟಕದ್ದು ಎಂದು ಗೊತ್ತಿದ್ದರೆ ಡ್ಯಾಮೇಜ್ ಆಗಿರುವುದು ಎಷ್ಟು ಸಾಧ್ಯ? ನಮಗೆ ಗೊತ್ತಿರುವುದು ಡ್ಯಾಮೇಜ್, ಕೇಳಿರುವುದು ಘಟಕ.

ಎಡಗಡೆ ಒಂದು ಚುಕ್ಕೆ ಇಡಿ. ಅದರಿಂದ ಎರಡು ಕೊಂಬೆ: 0.6, 0.4. ಮೊದಲ ಕೊಂಬೆಯ ತುದಿಯಿಂದ ಡ್ಯಾಮೇಜ್ 0.02, ಸರಿ ಇದ್ದದ್ದು 0.98. ಎರಡನೆಯದರಿಂದ 0.05, 0.95. ಒಂದೇ ಜಾಗದಿಂದ ಹೊರಟ ಕೊಂಬೆಗಳನ್ನು ಕೂಡಿದರೆ 1 ಬರಲೇಬೇಕು. ಬರದಿದ್ದರೆ ಮುಂದೆ ಹೋಗಬೇಡಿ. ಎರಡನೇ ಸಾಲಿನ ಅಂಕಿಗಳೆಲ್ಲ ಆಗಲೇ ಷರತ್ತುಬದ್ಧ, ಇದನ್ನು ಗುರುತು ಹಾಕಿಕೊಳ್ಳಿ.

ಕೊಂಬೆಯ ಉದ್ದಕ್ಕೂ ಗುಣಿಸಿ. ಡ್ಯಾಮೇಜ್ ತುದಿಗಳು ಎರಡು: 0.6 × 0.02 = 0.012, 0.4 × 0.05 = 0.020. ಉಳಿದ ತುದಿಗಳನ್ನು ಹೊಡೆದುಹಾಕಿ. ಡ್ಯಾಮೇಜ್ ತುದಿಗಳೆರಡರ ಮೊತ್ತ 0.032 ಛೇದ, ನಮಗೆ ಬೇಕಾದ 0.020 ಅಂಶ. ಉತ್ತರ 5/8. ನಂಬಿಕೆ ಬಾರದಿದ್ದರೆ 1000 ಪ್ಯಾಂಟು ಎಣಿಸಿ: ಡ್ಯಾಮೇಜ್ ಆದವು 12 ಮತ್ತು 20, ಒಟ್ಟು 32. ಅದರಲ್ಲಿ 20.

ಹೀಗೆ ತುದಿಯಿಂದ ಬುಡದ ಕಡೆ ಬರುವ ಲೆಕ್ಕಕ್ಕೇ ಬೇಯ್ಸ್ ಪ್ರಮೇಯ ಎನ್ನುತ್ತಾರೆ. ಥಾಮಸ್ ಬೇಯ್ಸ್ 1761ರಲ್ಲಿ ತೀರಿಕೊಂಡರು. ಅವರ ಬರಹವನ್ನು 1763ರಲ್ಲಿ ಲಂಡನ್ನಿನ ವಿಜ್ಞಾನ ಸಂಸ್ಥೆ ರಾಯಲ್ ಸೊಸೈಟಿಯ ಮುಂದಿಟ್ಟದ್ದು ಗೆಳೆಯ ರಿಚರ್ಡ್ ಪ್ರೈಸ್.

ಇನ್ನೊಂದು ಕಡೆ ನಾನು ತುಂಬಾ ದಿನ ಸಿಕ್ಕಿಹಾಕಿಕೊಂಡಿದ್ದೆ. ಕೊಪ್ಪಳ ಕಡೆಯ ಕಿನ್ನಾಳದ ಗೊಂಬೆಗಳು ಒಂದು ಡಬ್ಬಿಯಲ್ಲಿವೆ ಅಂದುಕೊಳ್ಳಿ: 5 ಕೆಂಪು, 3 ಹಸಿರು. ನೋಡದೆ ಒಂದಾದ ಮೇಲೆ ಒಂದು ತೆಗೆಯಿರಿ, ವಾಪಸ್ ಹಾಕಬೇಡಿ. ಎರಡನೆಯದು ಕೆಂಪು ಎಂದು ಗೊತ್ತಾದರೆ ಮೊದಲನೆಯದೂ ಕೆಂಪಾಗಿರುವ ಸಂಭವನೀಯತೆ? ಮೊದಲನೆಯದು ಆಗಲೇ ಕೈಯಲ್ಲಿದೆ, ಆಮೇಲಿನದು ಅದನ್ನು ಹೇಗೆ ಬದಲಿಸುತ್ತದೆ ಅನ್ನಿಸುತ್ತದೆ, ಅಲ್ವಾ? ಗೊಂಬೆ ಅದೇ ಇರುತ್ತದೆ, ನಮ್ಮ ಅಂದಾಜು ಬದಲಾಗುತ್ತದೆ. ಮರ ಬಿಡಿಸಿ: ಕೆಂಪು-ಕೆಂಪು 5/8 × 4/7 = 20/56, ಹಸಿರು-ಕೆಂಪು 3/8 × 5/7 = 15/56. ಹಾಗಾಗಿ 20/35, ಅಂದರೆ 4/7.

ಇದನ್ನು ಮರವಿಲ್ಲದೆಯೂ ತಾಳೆ ನೋಡಬಹುದು. ಎರಡನೇ ಜಾಗಕ್ಕೆ ಒಂದು ಕೆಂಪು ಹೋಯಿತು. ಮೊದಲ ಜಾಗಕ್ಕೆ ಉಳಿದದ್ದು 7 ಗೊಂಬೆ, ಅದರಲ್ಲಿ ಕೆಂಪು 4.