ಬ್ಲೋ-ಆಫ್ ವಾಲ್ವ್ ಪಟಪಟ ಅಂದರೆ ಎಲ್ಲಿಂದ ಹುಡುಕಬೇಕು?

ಟರ್ಬೊ ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುತ್ತದೆ, ಆ ಒತ್ತಡಕ್ಕೆ ಬೂಸ್ಟ್ ಎನ್ನುತ್ತಾರೆ. ಕಾಲು ತೆಗೆದಾಗ ಪೈಪಿನಲ್ಲಿ ಉಳಿದ ಒತ್ತಡವನ್ನು ಬಿಡುವುದು ಬ್ಲೋ-ಆಫ್ ವಾಲ್ವ್. ಟರ್ಬೊ ಪೆಟ್ರೋಲ್ ಕಾರಿನಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದ ಕೂಡಲೇ ‘ಪುಸ್ಸ್’ ಎಂದು ಒಂದೇ ಉಸಿರಿನ ಸದ್ದು ಬರಬೇಕು. ಅದರ ಬದಲು ಪಾರಿವಾಳ ರೆಕ್ಕೆ ಬಡಿದ ಹಾಗೆ ‘ತುತುತುತು’ ಎಂದರೆ ಹೆಚ್ಚಿನವರು ಮೊದಲು ವಾಲ್ವಿನ ಸ್ಪ್ರಿಂಗ್ ಬಿಗಿಯುವ ಸ್ಕ್ರೂಗೆ ಕೈ ಹಾಕುತ್ತಾರೆ. ಸ್ಪ್ರಿಂಗ್ ಮುಟ್ಟುವುದು ಕೊನೆಗೆ. ಸದ್ದು ಯಾವಾಗ ಬಂತು ಎಂಬುದನ್ನು ಮೊದಲು ಬರೆದುಕೊಳ್ಳಿ: ಐಡಲ್‌ನಲ್ಲೋ, ಕಡಿಮೆ ಬೂಸ್ಟ್‌ನಲ್ಲಿ ಕಾಲು ತೆಗೆದಾಗಲೋ, ಪೂರ್ತಿ ಬೂಸ್ಟ್‌ನಲ್ಲಿ ತೆಗೆದಾಗಲೋ, ಕಾಲು ಒತ್ತಿಕೊಂಡೇ ಇರುವಾಗಲೋ. ಈ ನಾಲ್ಕಕ್ಕೂ ಕಾರಣ ಬೇರೆ ಬೇರೆ.

ಸದ್ದು ಹುಟ್ಟುವುದು ಹೇಗೆ

ಅಡಿಕೆ ತೋಟದ ಪಂಪ್ ಓಡುತ್ತಿರುವಾಗ ಗೇಟ್ ವಾಲ್ವನ್ನು ಒಮ್ಮೆಲೇ ಮುಚ್ಚಿದರೆ ಪೈಪು ಢಕ್ಕೆಂದು ಬಡಿದು ನಡುಗುತ್ತದೆ. ಹರಿಯುತ್ತಿದ್ದ ನೀರಿಗೆ ಮುಂದೆ ದಾರಿ ಇಲ್ಲ, ಅದಕ್ಕೆ. ಇಲ್ಲಿ ಎಂಜಿನ್‌ಗೆ ಹೋಗುವ ಗಾಳಿಯನ್ನು ತೆರೆದು ಮುಚ್ಚುವ ಥ್ರಾಟಲ್ ಪ್ಲೇಟೇ ಆ ಗೇಟ್ ವಾಲ್ವ್. ಅದು ಮುಚ್ಚಿದರೂ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತಿರುವ ಟರ್ಬೊ ಕೂಡಲೇ ನಿಲ್ಲುವುದಿಲ್ಲ. ಟರ್ಬೊದ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನ ಪೈಪಿನಲ್ಲಿ ಒತ್ತಡ ಏರಿ ಗಾಳಿ ಕಂಪ್ರೆಸರ್ ಚಕ್ರದ ಎಲೆಗಳ ನಡುವಿನಿಂದ ಹಿಂದಕ್ಕೆ ನುಗ್ಗುತ್ತದೆ. ಒತ್ತಡ ಇಳಿಯುತ್ತದೆ, ಚಕ್ರ ಮತ್ತೆ ಮುಂದಕ್ಕೆ ತಳ್ಳುತ್ತದೆ, ಮತ್ತೆ ಹಿಂದಕ್ಕೆ. ಸೆಕೆಂಡಿಗೆ ಹಲವು ಬಾರಿ ನಡೆಯುವ ಈ ಹಿಂದುಮುಂದಿಗೆ ಕಂಪ್ರೆಸರ್ ಸರ್ಜ್ ಎನ್ನುತ್ತಾರೆ. ಅಂದರೆ ನಾವು ಕೇಳುವ ಪಟಪಟ ಎಷ್ಟೋ ಸಲ ವಾಲ್ವಿನದ್ದಲ್ಲ, ವಾಲ್ವ್ ತೆರೆಯದ್ದರಿಂದ ಟರ್ಬೊದಲ್ಲಿ ಹುಟ್ಟಿದ್ದು. ದೊಡ್ಡ ಬೂಸ್ಟ್‌ನಲ್ಲಿ ಇದು ದಿನವೂ ನಡೆದರೆ ಪೆಟ್ಟು ಬೀಳುವುದು ಟರ್ಬೊದ ಥ್ರಸ್ಟ್ ಬೇರಿಂಗ್‌ಗೆ, ಅಂದರೆ ಅದರ ದಂಡ ಹಿಂದುಮುಂದೆ ಜಾರದಂತೆ ತಡೆಯುವ ಬೇರಿಂಗ್‌ಗೆ.

ಡೀಸೆಲ್ ಗಾಡಿಯ ವಿಷಯ ಇಲ್ಲಿಗೇ ಮುಗಿಸೋಣ. ಅಲ್ಲಿ ವೇಗದ ಹತೋಟಿ ಡೀಸೆಲ್ ಪ್ರಮಾಣದಿಂದ, ಗಾಳಿ ಮುಚ್ಚುವುದರಿಂದಲ್ಲ. ಹಾಗಾಗಿ ಬ್ಲೋ-ಆಫ್ ವಾಲ್ವ್ ಬೇಕಾಗುವುದಿಲ್ಲ. ಜೀಪು, ಪಿಕಪ್‌ಗಳಿಗೆ ಸದ್ದಿಗಾಗಿ ಕೂರಿಸುವುದರಿಂದ ಎಂಜಿನ್‌ಗೆ ಯಾವ ಉಪಯೋಗವೂ ಇಲ್ಲ.

ಸ್ಪ್ರಿಂಗ್ ಲೆಕ್ಕ

ಇದನ್ನು ಒಮ್ಮೆ ಕಾಗದದ ಮೇಲೆ ಮಾಡಿದರೆ ಅರ್ಧ ಪಾಠ ಮುಗಿದಂತೆ. ವಾಲ್ವಿನ ಮೇಲಿನ ಕೋಣೆಗೆ ಥ್ರಾಟಲ್ ದಾಟಿದ ಮೇಲಿನ ಮ್ಯಾನಿಫೋಲ್ಡ್‌ನಿಂದ (ಎಂಜಿನ್‌ಗೆ ಗಾಳಿ ಹಂಚುವ ಕೊಳವೆ) ಹೋಸ್ ಬರುತ್ತದೆ. ಕೆಳಗೆ ಬೂಸ್ಟ್ ಪೈಪು. ಕಾಲು ಒತ್ತಿರುವಾಗ ಮೇಲೂ ಬೂಸ್ಟ್, ಕೆಳಗೂ ಬೂಸ್ಟ್. ಎರಡೂ ಸರಿಹೋಗಿ ಸ್ಪ್ರಿಂಗ್ ವಾಲ್ವನ್ನು ಮುಚ್ಚಿಡುತ್ತದೆ. ಕಾಲು ತೆಗೆದಾಗ ಮೇಲಿನಿಂದ ನಿರ್ವಾತ ಎಳೆಯುತ್ತದೆ, ಕೆಳಗಿನಿಂದ ಬೂಸ್ಟ್ ತಳ್ಳುತ್ತದೆ.

ವಾಲ್ವಿನೊಳಗಿನ ಪಿಸ್ಟನ್ ವ್ಯಾಸ 30 ಮಿ.ಮೀ. ಎಂದಿಟ್ಟುಕೊಳ್ಳಿ, ಮೇಲೂ ಕೆಳಗೂ ಒಂದೇ ಅಳತೆ. ವಿಸ್ತೀರ್ಣ ಸುಮಾರು 7.07 ಚದರ ಸೆಂ.ಮೀ. ನಿರ್ವಾತ 0.6 ಬಾರ್ ಆದರೆ ಅದೊಂದರ ಎಳೆತ 42 ನ್ಯೂಟನ್. ಬೂಸ್ಟ್ 0.2 ಬಾರ್ ಇದ್ದರೆ ಒಟ್ಟು 0.8 ಬಾರ್, 57 ನ್ಯೂಟನ್. ಬೂಸ್ಟ್ 0.5 ಬಾರ್ ಇದ್ದರೆ 1.1 ಬಾರ್, 78 ನ್ಯೂಟನ್. ಈಗ ಸ್ಪ್ರಿಂಗ್‌ನ ಆರಂಭದ ಒತ್ತು 60 ನ್ಯೂಟನ್ ಇರಲಿ. 0.5 ಬಾರ್‌ನಲ್ಲಿ ವಾಲ್ವ್ ಚೆನ್ನಾಗಿ ತೆರೆಯುತ್ತದೆ. 0.2 ಬಾರ್‌ನಲ್ಲಿ ತೆರೆಯುವುದೇ ಇಲ್ಲ, ಆಗ ಪಟಪಟ. ಪೇಟೆಯಲ್ಲಿ ನಿಧಾನ ಓಡಿಸುವಾಗ ಮಾತ್ರ ಸಣ್ಣದಾಗಿ ಕೇಳಿಸಿ, ಜೋರು ಓಟದಲ್ಲಿ ‘ಪುಸ್ಸ್’ ಸರಿಯಾಗಿ ಬರುವ ಕಾರಿನಲ್ಲಿ ಆಗುತ್ತಿರುವುದು ಇದೇ. ಅಷ್ಟು ಕಡಿಮೆ ಬೂಸ್ಟ್‌ನ ಸರ್ಜ್‌ಗೆ ಹೆದರಬೇಕಾಗಿಲ್ಲ. ಹೆದರಬೇಕಾದ್ದು ಪೂರ್ತಿ ಬೂಸ್ಟ್‌ನಲ್ಲಿ ಬರುವುದಕ್ಕೆ.

ಅದೇ ಸ್ಪ್ರಿಂಗ್ ಒತ್ತು 42 ನ್ಯೂಟನ್‌ಗಿಂತ ಕಡಿಮೆಯಾದರೆ ಐಡಲ್‌ನಲ್ಲೇ ವಾಲ್ವ್ ಎದ್ದು, ನಿರ್ವಾತದ ಏರಿಳಿತಕ್ಕೆ ಕುಣಿಯುತ್ತದೆ. ಈ ಪಟಪಟ ನಿಜಕ್ಕೂ ವಾಲ್ವಿನದ್ದೇ. ಗಾಳಿಯನ್ನು ಹೊರಕ್ಕೆ ಬಿಡುವ ಬಗೆಯಾದರೆ ವಾಲ್ವಿನ ಬಾಯಿಗೆ ಬೆರಳು ಅಡ್ಡ ಹಿಡಿದು ನೋಡಿ, ಒಳಕ್ಕೆ ಎಳೆತ ಗೊತ್ತಾಗುತ್ತದೆ. ಊದುಬತ್ತಿಯ ಹೊಗೆ ಹಿಡಿದು ನೋಡುವ ಉಪಾಯವನ್ನು ಬಾನೆಟ್ ಕೆಳಗೆ ಮಾಡಬೇಡಿ, ಪೆಟ್ರೋಲ್ ಆವಿ ಇರುವ ಜಾಗ ಅದು.

ಹೋಸ್

ಪೂರ್ತಿ ಬೂಸ್ಟ್‌ನಲ್ಲಿ ಪಟಪಟ ಇದ್ದರೆ ಮೊದಲ ಅನುಮಾನ ಇದರ ಮೇಲೆ. ಕರಾವಳಿಯ ಬಿಸಿಲು, ಎಂಜಿನ್ ಶಾಖ ಎರಡೂ ಸೇರಿ ರಬ್ಬರ್ ತುದಿಯಲ್ಲಿ ಬಿರಿಯುತ್ತದೆ. ಮಳೆಗಾಲದಲ್ಲಿ ಬಾನೆಟ್ ಒಳಗೆ ಬೆಚ್ಚಗೆ ಕೂರುವ ಇಲಿ ಕಡಿದಿರುವುದೂ ಉಂಟು. ಒಳವ್ಯಾಸ 4 ಮಿ.ಮೀ.ಗಿಂತ ಕಡಿಮೆ ಬೇಡ, ಉದ್ದ ಅರ್ಧ ಮೀಟರ್ ಒಳಗಿದ್ದರೆ ಒಳ್ಳೆಯದು. ಸಣ್ಣ, ಉದ್ದನೆಯ ಹೋಸ್‌ನಲ್ಲಿ ನಿರ್ವಾತ ತಡವಾಗಿ ತಲುಪುತ್ತದೆ. ಅಷ್ಟರಲ್ಲಿ ಸರ್ಜ್ ಆಗಿಹೋಗಿರುತ್ತದೆ. ಮೆತ್ತಗಿನ ಹೋಸ್ ನಿರ್ವಾತಕ್ಕೆ ಚಪ್ಪಟೆಯಾದರೂ ಇದೇ ಫಲ. ಬೂಸ್ಟ್ ಗೇಜ್, ಫ್ಯುಯೆಲ್ ಪ್ರೆಷರ್ ರೆಗ್ಯುಲೇಟರ್ ಎಲ್ಲಕ್ಕೂ ಒಂದೇ ಹೋಸ್‌ನಿಂದ ಟೀ (ಕವಲಿನ ಜೋಡಣೆ) ಹಾಕಿದ್ದರೆ ಬಿಚ್ಚಿ, ವಾಲ್ವಿಗೆ ಮ್ಯಾನಿಫೋಲ್ಡ್‌ನಿಂದ ನೇರವಾಗಿ ಬೇರೆ ಹೋಸ್ ಕೊಡಿ.

ಹೋಸ್ ಎಲ್ಲಿಂದ ಹೊರಟಿದೆ ಎಂಬುದನ್ನೂ ಬೆರಳಿಟ್ಟು ಹಿಂಬಾಲಿಸಿ. ಥ್ರಾಟಲ್‌ಗೆ ಮೊದಲೇ ತೆಗೆದಿದ್ದರೆ ಮೇಲೆ ಕೆಳಗೆ ಯಾವಾಗಲೂ ಒಂದೇ ಒತ್ತಡ, ವಾಲ್ವ್ ಎಂದಿಗೂ ತೆರೆಯದು. ಬ್ರೇಕ್ ಬೂಸ್ಟರ್ ಹೋಸ್‌ನಲ್ಲಿ ಒನ್‌ವೇ ವಾಲ್ವಿನ ಬೂಸ್ಟರ್ ಬದಿಗೆ ಟೀ ಹಾಕಿದ್ದರೆ ತದ್ವಿರುದ್ಧ: ಅಲ್ಲಿ ಯಾವಾಗಲೂ ನಿರ್ವಾತ, ಬೂಸ್ಟ್ ಬಂದಾಗ ವಾಲ್ವ್ ತೆರೆದುಕೊಂಡು ಗಾಳಿ ಸೋರಿ ಕಾರು ಎಳೆಯುವುದಿಲ್ಲ. ಬ್ರೇಕಿನ ಹೋಸ್‌ಗೆ ಕೈ ಹಾಕುವುದೇ ತಪ್ಪು.

ಬಿಸಿಯಾದ ಎಂಜಿನ್‌ನ ಐಡಲ್‌ನಲ್ಲಿ ಗೇಜ್ ಸಾಮಾನ್ಯವಾಗಿ 18ರಿಂದ 21 ಇಂಚು ಪಾದರಸದಷ್ಟು ನಿರ್ವಾತ ತೋರಿಸಬೇಕು, ಮುಳ್ಳು ಸ್ಥಿರವಾಗಿರಬೇಕು. 15ಕ್ಕಿಂತ ಕಡಿಮೆ ಇದ್ದರೆ ಬೇರೆ ಎಲ್ಲೋ ಸೋರಿಕೆ ಅಥವಾ ಎಂಜಿನ್ ದೋಷ ಇರಬಹುದು, ಅದನ್ನು ಮೊದಲು ಮುಗಿಸಿ. ಈ ಅಂಕಿ ಸಮುದ್ರಮಟ್ಟದ ಕಾಸರಗೋಡು, ಕುಂಬಳೆಗಳಿಗೆ. ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು ಒಂದು ಇಂಚು ಇಳಿಯುತ್ತದೆ. ಜಾಲ್ಸೂರು, ಸುಳ್ಯ ದಾಟಿ ಮಡಿಕೇರಿ ಹತ್ತಿದ ಕಾರಿನಲ್ಲಿ 3-4 ಇಂಚು ಕಡಿಮೆ ಕಂಡರೆ ಅದು ದೋಷವಲ್ಲ. ಆದರೆ ಎಳೆತವೂ ಅಷ್ಟು ಕಡಿಮೆಯಾದ್ದರಿಂದ, ಇಲ್ಲಿ ಅಂಚಿನಲ್ಲಿ ತೆರೆಯುತ್ತಿದ್ದ ವಾಲ್ವ್ ಅಲ್ಲಿ ಪಟಪಟಿಸಬಹುದು.

ವಾಲ್ವ್ ಬಿಚ್ಚಿದಾಗ

ಕೈಯ ನಿರ್ವಾತ ಪಂಪನ್ನು ಮೇಲಿನ ನಿಪ್ಪಲ್‌ಗೆ ಹಾಕಿ 20 ಇಂಚಿನವರೆಗೆ ಎಳೆಯಿರಿ. ಸ್ಪ್ರಿಂಗ್ ಬಿಗಿಯಾಗಿದ್ದರೆ ಇಷ್ಟಕ್ಕೆ ವಾಲ್ವ್ ಏಳದೆಯೂ ಇರಬಹುದು, ಎದ್ದರೆ ನಯವಾಗಿ ಏಳಬೇಕು. ಡಯಾಫ್ರಮ್ (ರಬ್ಬರ್ ಪೊರೆ) ಬಗೆಯಲ್ಲಿ ಪಂಪಿನ ಮುಳ್ಳು ಒಂದು ನಿಮಿಷ ನಿಲ್ಲದಿದ್ದರೆ ಡಯಾಫ್ರಮ್ ಹರಿದಿದೆ, ಬದಲಿಸಬೇಕು. ಪಿಸ್ಟನ್ ಬಗೆಯಲ್ಲಿ ಮುಳ್ಳು ನಿಧಾನವಾಗಿ ಇಳಿಯುವುದು ಸಹಜ. ಅಲ್ಲಿ ನೋಡಬೇಕಾದ್ದು ಪಿಸ್ಟನ್ ತಡವರಿಸುತ್ತದೆಯೇ ಎಂದು. ತಡವರಿಸಿದರೆ ಎಣ್ಣೆಯ ಜಿಡ್ಡು ಒರೆಸಿ, ಗೀರು ಇದೆಯೇ ನೋಡಿ, ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ. ಮಾಮೂಲಿ ಪೆಟ್ರೋಲಿಯಂ ಗ್ರೀಸ್ ಹಾಕಿದರೆ ಕೆಲವು ಬಗೆಯ ರಬ್ಬರ್ ಉಬ್ಬಿ ಮತ್ತೆ ಅಂಟಿಕೊಳ್ಳುತ್ತದೆ.

ಇಸಿಯು (ಎಂಜಿನ್‌ನ ಕಂಪ್ಯೂಟರ್) ನಡೆಸುವ ಎಲೆಕ್ಟ್ರಿಕ್ ವಾಲ್ವಾದರೆ ನಿರ್ವಾತದ ಹೋಸ್ ಹುಡುಕಿ ಫಲವಿಲ್ಲ. ಸ್ಕ್ಯಾನರ್‌ನಲ್ಲಿ ವಾಲ್ವ್ ಚಾಲನೆ ಕೊಟ್ಟು ಟಕ್ ಸದ್ದು ಕೇಳಿ. ಪಿ0033 ಬಂದರೆ ವಾಲ್ವಿನ ವಿದ್ಯುತ್ ಸರ್ಕ್ಯೂಟ್, ಪಿ0299 ಬಂದರೆ ಬೂಸ್ಟ್ ಸಾಲುತ್ತಿಲ್ಲ ಎಂದರ್ಥ.

ಕಾಲು ಒತ್ತಿರುವಾಗಲೇ, ಮೇಲಿನ ಗೇರ್‌ನಲ್ಲಿ ಕಡಿಮೆ ಆರ್‌ಪಿಎಂನಲ್ಲಿ ಪಟಪಟ ಬಂದರೆ ಈ ವಾಲ್ವನ್ನು ಬಿಟ್ಟುಬಿಡಿ. ಎಂಜಿನ್ ನುಂಗುವುದಕ್ಕಿಂತ ಹೆಚ್ಚು ಬೂಸ್ಟ್ ಬರುತ್ತಿದೆ. ಬೂಸ್ಟ್ ಹತೋಟಿ ಅಥವಾ ಟರ್ಬೊ ಗಾತ್ರದ ಪ್ರಶ್ನೆ ಅದು.

ಗೇರ್ ಬದಲಿಸುವಾಗ ಕಪ್ಪು ಹೊಗೆ ಬಂದು, ಕ್ಲಚ್ ಒತ್ತಿದರೆ ಎಂಜಿನ್ ನಿಲ್ಲುವುದು ಇನ್ನೊಂದು ದೂರು. ಒಳಹೋಗುವ ಗಾಳಿಯನ್ನು ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಟರ್ಬೊಗೆ ಮೊದಲೇ ಇರುವ ಕಾರಿನಲ್ಲಿ ಗಾಳಿಯನ್ನು ಹೊರಕ್ಕೆ ಬಿಟ್ಟರೆ, ಎಣಿಸಿದ ಗಾಳಿ ಎಂಜಿನ್‌ಗೆ ಹೋಗದೆ ಪೆಟ್ರೋಲ್ ಮಾತ್ರ ಹೋಗುತ್ತದೆ. ಗಾಳಿಯನ್ನು ಸೆನ್ಸರ್ ಮತ್ತು ಟರ್ಬೊ ನಡುವಿನ ಪೈಪಿಗೆ ಮರಳಿಸುವ ವಾಲ್ವೇ ಅದಕ್ಕೆ ಮದ್ದು.

ಕೊನೆಗೆ ಸ್ಕ್ರೂ

ಹೋಸ್, ಡಯಾಫ್ರಮ್, ಪಿಸ್ಟನ್ ಎಲ್ಲ ಸರಿ ಇದ್ದರೆ ಮಾತ್ರ. ಈಗಿರುವ ಸ್ಥಾನಕ್ಕೆ ಪೇಂಟ್ ಗುರುತು ಹಾಕಿ, ಅರ್ಧ ಸುತ್ತು ಸಡಿಲಿಸಿ. ಖಾಲಿ ರಸ್ತೆಯಲ್ಲಿ 3ನೇ ಗೇರ್, 2,500 ಆರ್‌ಪಿಎಂನಿಂದ ಅರ್ಧ ಆಕ್ಸಿಲರೇಟರ್ ಕೊಟ್ಟು ಬಿಡಿ, ಆಮೇಲೆ ಪೂರ್ತಿ ಕೊಟ್ಟು ಬಿಡಿ. ಗೇಜ್ ನೋಡಲು ಪಕ್ಕದಲ್ಲಿ ಇನ್ನೊಬ್ಬರು ಇರಲಿ. ಪಟಪಟ ಹೋಗಿಲ್ಲವೆಂದರೆ ಇನ್ನರ್ಧ ಸುತ್ತು. ಐಡಲ್‌ನಲ್ಲಿ ವಾಲ್ವ್ ಏಳತೊಡಗಿದರೆ ಅರ್ಧ ಸುತ್ತು ಹಿಂದಕ್ಕೆ. ಲಾಕ್ ನಟ್ ಬಿಗಿದ ಮೇಲೆ ಐಡಲ್‌ನಲ್ಲಿ ಇನ್ನೊಮ್ಮೆ ಬೆರಳಿಟ್ಟು ನೋಡಿ, ನಟ್ ಜೊತೆಗೆ ಸ್ಕ್ರೂ ಕೂಡ ತಿರುಗಿರಬಹುದು.