ಪರದೆ ಮೇಲೆ ಆಟ, ಮೇಜಿನ ಕೆಳಗೆ ಬೇರೆಯೇ ಸಿಪಿಯು

‘ಸರ್, ಇದು ಹಿಂಗೇ ಓಡಬೇಕು ನೋಡ್ರಿ’ ಎಂದು ಮೊಬೈಲಿನಲ್ಲಿ ಹೊಸ ವಿಡಿಯೊ ಗೇಮಿನ ಟ್ರೇಲರ್ ತೋರಿಸಿ ಸಿಸ್ಟಂ ಅಸೆಂಬಲ್ ಮಾಡಿಸುವ ಹುಡುಗರು ಬಳ್ಳಾರಿಯ ನನ್ನ ಅಂಗಡಿಗೆ ಬರುತ್ತಲೇ ಇರುತ್ತಾರೆ. ನಾನು ಮೊದಲು ಕೇಳುವುದು ಆಟ ಬಿಡುಗಡೆಯಾಗಿದೆಯೋ ಇಲ್ಲವೋ ಎಂದು. ಆಗಿಲ್ಲವಾದರೆ ಆ ದೃಶ್ಯ ಯಾವ ಮಷೀನಿನ ಮೇಲೆ ಓಡಿದ್ದು ಅನ್ನುವುದೇ ಅನುಮಾನ.

2005ರಲ್ಲಿ ಅಮೆರಿಕದ ಇ3 ಎಂಬ ವಿಡಿಯೊ ಗೇಮ್ ಮೇಳದಲ್ಲಿ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ 360 ಕನ್ಸೋಲ್‌ನ (ಟಿವಿಗೆ ಜೋಡಿಸುವ ಆಟದ ಯಂತ್ರದ) ಆಟಗಳನ್ನು ಆಡಲು ಕೊಟ್ಟಿತ್ತು. ಒಳಗೆ ಮರೆಯಲ್ಲಿ ಓಡುತ್ತಿದ್ದದ್ದು ಆಪಲ್‌ನ ಪವರ್ ಮ್ಯಾಕ್ ಜಿ5 ಕಂಪ್ಯೂಟರ್! ನಗು ಬಂದರೂ ಅದಕ್ಕೊಂದು ಕಾರಣವಿತ್ತು. ಎರಡರ ಪ್ರೊಸೆಸರ್‌ಗಳೂ ಪವರ್‌ಪಿಸಿ ಮನೆತನದವು, ಕನ್ಸೋಲ್ ಮಾರುಕಟ್ಟೆಗೆ ಬರಲು ಇನ್ನೂ ನವೆಂಬರ್ ಆಗಬೇಕಿತ್ತು. 2013ರ ಮೇಳದ್ದನ್ನು ಒಪ್ಪಿಕೊಳ್ಳುವುದು ನನಗೆ ಕಷ್ಟ. ಎಕ್ಸ್‌ಬಾಕ್ಸ್ ಒನ್‌ಗೆಂದು ತೋರಿಸುತ್ತಿದ್ದ ಆಟವೊಂದು ಕ್ರ್ಯಾಶ್ ಆದಾಗ ಪರದೆ ಮೇಲೆ ಕಂಡಿದ್ದು ವಿಂಡೋಸ್ 7. ಆ ಪಿಸಿಯಲ್ಲಿದ್ದದ್ದು ಎನ್‌ವಿಡಿಯಾ ಕಂಪನಿಯ ಗ್ರಾಫಿಕ್ಸ್ ಕಾರ್ಡು. ಕನ್ಸೋಲ್‌ನಲ್ಲಿ ಬರಬೇಕಿದ್ದದ್ದು ಅದರ ಪ್ರತಿಸ್ಪರ್ಧಿ ಎಎಂಡಿಯ ಚಿಪ್ಪು. ಪಿಸಿ ಮೇಲೆ ತೋರಿಸಿದ್ದಕ್ಕೆ ನನ್ನ ತಕರಾರಿಲ್ಲ. ‘ಇದು ಪಿಸಿ’ ಎಂದು ಪಕ್ಕದಲ್ಲೊಂದು ಚೀಟಿ ಅಂಟಿಸಲು ಏನಾಗಿತ್ತು?

ದೊಡ್ಡ ಮಷೀನು ಬೇಕಾಗುವುದು ಮಾತ್ರ ನಿಜ. ಅರ್ಧ ಕಟ್ಟಿದ ಆಟದಲ್ಲಿ ತಪ್ಪು ಹುಡುಕುವ ಕೋಡ್ ಜೊತೆಗೇ ಓಡುತ್ತಿರುತ್ತದೆ, ಟೆಕ್ಸ್ಚರ್‌ಗಳನ್ನು (ವಸ್ತುಗಳ ಮೈಮೇಲೆ ಹೊದಿಸುವ ಚಿತ್ರಗಳನ್ನು) ಕುಗ್ಗಿಸಿರುವುದಿಲ್ಲ, ಬಳಸಿದ ಮೆಮೊರಿಯನ್ನು ವಾಪಸ್ ಬಿಡುವುದೂ ಸರಿಯಾಗಿರುವುದಿಲ್ಲ. ಅದಕ್ಕೇ ಎಕ್ಸ್‌ಬಾಕ್ಸ್ ಒನ್ ಎಕ್ಸ್‌ನಲ್ಲಿ ಗಿರಾಕಿಗೆ 12 ಜಿಬಿ ಮೆಮೊರಿ, ಆಟ ತಯಾರಿಸುವವರ ಡೆವ್ ಕಿಟ್ ಎಂಬ ಮಷೀನಿನಲ್ಲಿ 24 ಜಿಬಿ ಇತ್ತು.

ನಮ್ಮ ಕಡೆಯ ಎಂಜಿನಿಯರಿಂಗ್ ಕಾಲೇಜುಗಳ ಫೆಸ್ಟ್‌ಗಳಿಗೆ ನಾನು ಬಾಡಿಗೆ ಸಿಸ್ಟಂ ಕೊಡುತ್ತೇನೆ. ವಿದ್ಯಾರ್ಥಿಗಳು ತಾವೇ ಮಾಡಿದ ಆಟಗಳನ್ನು ಅಲ್ಲಿ ಇಡುತ್ತಾರೆ. ಅಲ್ಲಿ ಕೈಕೊಡುವುದು ಹೆಚ್ಚಾಗಿ ಆಟವಲ್ಲ, ಗಾಳಿ ಮತ್ತು ಕರೆಂಟು. ಚೆಂದ ಕಾಣಲಿ ಎಂದು ಸಿಪಿಯುವನ್ನು ಮೇಜಿನ ಕೆಳಗೆ ತಳ್ಳಿ ಸುತ್ತ ಬಟ್ಟೆ ಕಟ್ಟುತ್ತಾರೆ. ಏಪ್ರಿಲ್‌ನಲ್ಲಿ ಹಾಲ್ ಒಳಗೇ ನಲವತ್ತು ಡಿಗ್ರಿ ಇರುವಾಗ ಫ್ಯಾನು ತಾನು ಹೊರದಬ್ಬಿದ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಪ್ರೊಸೆಸರ್ ನೂರು ಡಿಗ್ರಿ ಸಮೀಪಿಸಿದಂತೆ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಬೆಳಿಗ್ಗೆ ನೀರಿನಂತೆ ಹರಿದ ಆಟ ಮಧ್ಯಾಹ್ನ ಮುಗ್ಗರಿಸುತ್ತದೆ, ಹುಡುಗರು ಮಾತ್ರ ತಮ್ಮ ಕೋಡನ್ನೇ ಬೈದುಕೊಳ್ಳುತ್ತಾ ಕೂತಿರುತ್ತಾರೆ. ಹಿಂದಿನ ಬಟ್ಟೆ ಬಿಚ್ಚಿ ಟೇಬಲ್ ಫ್ಯಾನ್ ಇಟ್ಟರೆ ಅರ್ಧ ಕಾಯಿಲೆ ವಾಸಿ.

ಯುಪಿಎಸ್ ಕಥೆ ಇನ್ನೊಂದು. ‘600’ ಎಂದು ಬರೆದಿದ್ದನ್ನು ವ್ಯಾಟ್ ಅಂದುಕೊಳ್ಳುತ್ತಾರೆ. ಅದು ವಿಎ (ವೋಲ್ಟ್-ಆಂಪಿಯರ್), ಸಾಮಾನ್ಯವಾಗಿ ಕೊಡುವುದು 360 ವ್ಯಾಟ್ ಮಾತ್ರ. ಆಟ ಜೋರಾಗಿ ಓಡುವಾಗ ಕರೆಂಟು ಹೋದರೆ ದೊಡ್ಡ ಕಾರ್ಡಿನ ಸಿಸ್ಟಂ ಕೂಡಲೇ ಆಫ್.

ಟ್ರೇಲರ್ ಹಿಡಿದು ಬಂದವರಿಗೆ ನನ್ನ ಸಲಹೆ: ಕಂಪನಿ ಕನಿಷ್ಠ ಕಾನ್ಫಿಗರೇಶನ್ ಪಟ್ಟಿ ಹೊರಡಿಸುವವರೆಗೆ ಗ್ರಾಫಿಕ್ಸ್ ಕಾರ್ಡು ಕೊಳ್ಳಬೇಡಿ. ಈಗಲೇ ಸಿಸ್ಟಂ ಬೇಕೇಬೇಕೆಂದರೆ ರ‍್ಯಾಮ್ ಸ್ಲಾಟ್ ಖಾಲಿ ಉಳಿಯುವ ಬೋರ್ಡು, ಲೆಕ್ಕಕ್ಕಿಂತ ಒಂದು ಮೆಟ್ಟಿಲು ದೊಡ್ಡ ಎಸ್‌ಎಂಪಿಎಸ್ (ಸಿಪಿಯು ಒಳಗಿನ ಪವರ್ ಸಪ್ಲೈ) ಹಾಕಿಸಿ. ಕಾರ್ಡು ಆಮೇಲೆ ಕೂರಿಸೋಣ.