‘ಕ್ಯಾನ್ಸರ್ ಇದೆ, ಆದರೆ ಸದ್ಯ ಆಪರೇಷನ್ ಬೇಡ’ ಅಂದರೆ ಏನರ್ಥ?

ಪ್ರಶ್ನೆ: ನಮ್ಮ ತಂದೆಗೆ 66 ವರ್ಷ. ಪಿಎಸ್‌ಎ (ಗಂಡಸರ ಪ್ರಾಸ್ಟೇಟ್ ಗ್ರಂಥಿ ತಯಾರಿಸುವ ಪ್ರೋಟೀನ್, ರಕ್ತದಲ್ಲಿ ಅಳೆಯುತ್ತಾರೆ) ಸ್ವಲ್ಪ ಜಾಸ್ತಿ ಬಂತು ಅಂತ ಬಯಾಪ್ಸಿ ಮಾಡಿಸಿದೆವು. ಪ್ರಾಸ್ಟೇಟ್ ಕ್ಯಾನ್ಸರ್, ಗ್ಲೀಸನ್ ಸ್ಕೋರ್ 6 ಅಂತ ವರದಿ ಬಂದಿದೆ. ಡಾಕ್ಟರು ಮಾತ್ರ ‘ಈಗಲೇ ಆಪರೇಷನ್ ಬೇಡ, ನಿಗಾ ಇಟ್ಟು ನೋಡೋಣ’ ಅಂತಾರೆ. ಕ್ಯಾನ್ಸರ್ ಇದೆ ಅಂತ ಗೊತ್ತಾದ ಮೇಲೂ ಸುಮ್ನೆ ಕೂರೋದಾ?

ಉತ್ತರ: ಈ ಪ್ರಶ್ನೆಯನ್ನು ರೋಗಿಗಿಂತ ಹೆಚ್ಚಾಗಿ ಅವರ ಮಕ್ಕಳು, ಹೆಂಡತಿ ಕೇಳುತ್ತಾರೆ. ಕ್ಯಾನ್ಸರ್ ಅನ್ನೋ ಮಾತು ಕಿವಿಗೆ ಬಿದ್ದ ಮೇಲೆ ಒಂದು ದಿನ ತಡವಾದರೂ ಏನೋ ತಪ್ಪು ಮಾಡುತ್ತಿದ್ದೇವೆ ಅನ್ನಿಸುತ್ತದೆ. ಆ ಸಂಕಟ ನಿಜವಾದದ್ದು. ಆದರೆ ವರದಿ ನೀವು ಬರೆದಂತೆಯೇ ಇದ್ದರೆ, ಡಾಕ್ಟರು ನಿಮ್ಮ ತಂದೆಯನ್ನು ಕೈಬಿಟ್ಟಿಲ್ಲ. ಅವರ ಮಾತಿನ ಹಿಂದೆ ಹದಿನೈದು ವರ್ಷ ನಡೆದ ಒಂದು ಅಧ್ಯಯನ ಇದೆ.

ಮೊದಲು ಆ 6ರ ವಿಷಯ. ಹತ್ತರಲ್ಲಿ ಆರು ಅಂದರೆ ಕಾಯಿಲೆ ಅರ್ಧ ದಾರಿ ದಾಟಿದೆ ಅಂತ ಎಲ್ಲರೂ ಹೆದರುತ್ತಾರೆ. ಲೆಕ್ಕ ಹಾಗಿಲ್ಲ. ಅಮೆರಿಕದ ಡಾಕ್ಟರ್ ಡೊನಾಲ್ಡ್ ಗ್ಲೀಸನ್ 1960ರ ದಶಕದಲ್ಲಿ ಈ ಪದ್ಧತಿ ತಂದರು. ಬಯಾಪ್ಸಿಯ ಚೂರನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಗ್ರಂಥಿಗಳ ಆಕಾರ ನೋಡುತ್ತಾರೆ. ಪುಟ್ಟ ಪುಟ್ಟ ಉಂಗುರಗಳು ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿ ಕಂಡರೆ ಅದು 3. ಉಂಗುರಗಳು ಕಲಸಿಹೋಗಿ ಒಂದರೊಳಗೊಂದು ಸೇರಿಕೊಂಡಿದ್ದರೆ 4. ಉಂಗುರವೇ ಕಾಣದೆ ಜೀವಕೋಶಗಳು ಚೆಲ್ಲಾಪಿಲ್ಲಿಯಾಗಿದ್ದರೆ 5. ಹೀಗೆ ಎರಡು ನಮೂನೆಗಳ ಅಂಕ ಕೂಡಿಸಿ ಸ್ಕೋರ್ ಬರೆಯುತ್ತಾರೆ. ಬಯಾಪ್ಸಿಯಲ್ಲಿ 1 ಮತ್ತು 2 ಕೊಡುವ ರೂಢಿ ಈಗ ಹೋಗಿಬಿಟ್ಟಿದೆ. ಹಾಗಾಗಿ 3+3, ಅಂದರೆ 6, ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು. ಈ ಗೊಂದಲ ತಪ್ಪಲಿ ಅಂತ ಇತ್ತೀಚಿನ ವರದಿಗಳಲ್ಲಿ ‘ಗ್ರೇಡ್ ಗ್ರೂಪ್ 1’ ಅಂತಲೂ ಬರೆಯುತ್ತಾರೆ. ಅದು 1ರಿಂದ 5ರವರೆಗಿನ ಅಳತೆ. ನಿಮ್ಮ ತಂದೆಯ ವರದಿಯಲ್ಲಿ ಆ ಸಾಲು ಇದೆಯಾ ನೋಡಿ.

ಇಂಥ ಕ್ಯಾನ್ಸರ್ ಬಹಳ ನಿಧಾನ. ಬೇರೆ ಕಾರಣಕ್ಕೆ ತೀರಿಕೊಂಡ ವಯಸ್ಸಾದ ಗಂಡಸರ ಶವಪರೀಕ್ಷೆ ಮಾಡಿದಾಗ ಎಷ್ಟೋ ಜನರ ಪ್ರಾಸ್ಟೇಟ್‌ನಲ್ಲಿ ಕ್ಯಾನ್ಸರ್ ಸಿಕ್ಕಿದೆ. ಬದುಕಿದ್ದಾಗ ಅವರಿಗೆ ಅದರ ಸುಳಿವೂ ಇರಲಿಲ್ಲ. ಹಾಗಿದ್ದ ಮೇಲೆ ಸಿಕ್ಕಿದ್ದಕ್ಕೆಲ್ಲ ಕತ್ತರಿ ಹಾಕಬೇಕಾ? ಇದನ್ನು ಊಹೆಯಿಂದ ತೀರ್ಮಾನಿಸಲು ಆಗುವುದಿಲ್ಲ.

ಆ ಉತ್ತರಕ್ಕಾಗಿ ಬ್ರಿಟನ್ನಿನಲ್ಲಿ ‘ಪ್ರೊಟೆಕ್ಟ್’ ಎಂಬ ಅಧ್ಯಯನ ಶುರುವಾಯಿತು. 1999ರಿಂದ 2009ರ ನಡುವೆ 50ರಿಂದ 69 ವರ್ಷದ 82,429 ಗಂಡಸರಿಗೆ ಪಿಎಸ್‌ಎ ಪರೀಕ್ಷೆ ಮಾಡಿದರು. ಪ್ರಾಸ್ಟೇಟ್ ದಾಟಿ ಹೊರಗೆ ಹೋಗದ ಕ್ಯಾನ್ಸರ್ 2,664 ಜನರಲ್ಲಿ ಸಿಕ್ಕಿತು. ಅವರಲ್ಲಿ 1,643 ಜನ ಒಂದು ದೊಡ್ಡ ವಿಷಯಕ್ಕೆ ಒಪ್ಪಿಕೊಂಡರು: ಆಪರೇಷನ್ನಾ, ರೇಡಿಯೇಷನ್ನಾ, ಬರೀ ನಿಗಾನಾ ಅನ್ನೋದನ್ನು ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ತೀರ್ಮಾನಿಸಲಿ ಅಂತ. ತನ್ನ ದೇಹದಲ್ಲಿ ಕ್ಯಾನ್ಸರ್ ಇದೆ ಅಂತ ಗೊತ್ತಿರುವ ಮನುಷ್ಯ ಹೀಗೆ ಒಪ್ಪುವುದು ಸಣ್ಣ ಮಾತಲ್ಲ. ಇವತ್ತು ನಿಮ್ಮ ತಂದೆಗೆ ಡಾಕ್ಟರು ಧೈರ್ಯವಾಗಿ ‘ಸದ್ಯ ಬೇಡ’ ಅನ್ನಲು ಸಾಧ್ಯವಾಗಿರುವುದರಲ್ಲಿ ಆ ಗಂಡಸರ ಪಾಲು ದೊಡ್ಡದು.

ಶುರುವಿನಲ್ಲಿ ಅವರನ್ನು ಒಪ್ಪಿಸುವುದೇ ಕಷ್ಟವಾಗಿತ್ತು. ಕೇಳಿದ ಹತ್ತು ಜನರಲ್ಲಿ ಮೂರು ನಾಲ್ಕು ಜನ ಮಾತ್ರ ಒಪ್ಪುತ್ತಿದ್ದರು. ಯಾಕೆ ಅಂತ ತಿಳಿಯಲು ಅಧ್ಯಯನ ನಡೆಸಿದವರಲ್ಲಿ ಒಬ್ಬರಾದ ಜೆನ್ನಿ ಡೊನೊವನ್ ಮತ್ತು ಅವರ ತಂಡ, ರೋಗಿಗಳ ಜೊತೆ ನಡೆದ ಮಾತುಕತೆಗಳನ್ನೇ ರೆಕಾರ್ಡ್ ಮಾಡಿ ಕೂತು ಕೇಳಿದರು. ತಪ್ಪು ಸಿಕ್ಕಿದ್ದು ಪದಗಳಲ್ಲಿ. ‘ಕಾದು ನೋಡುವುದು’ ಎಂಬ ಅರ್ಥದ ಇಂಗ್ಲಿಷ್ ಮಾತು ರೋಗಿಗಳಿಗೆ ‘ನಾನು ಸಾಯೋದನ್ನ ಇವರು ನೋಡ್ತಾ ಇರ್ತಾರೆ’ ಅಂತ ಕೇಳಿಸುತ್ತಿತ್ತು! ಡಾಕ್ಟರುಗಳೂ ಆ ಆಯ್ಕೆಯನ್ನು ಕೊನೆಗೆ, ಒಲ್ಲದ ಮನಸ್ಸಿನಿಂದ ಹೇಳುತ್ತಿದ್ದರು. ಅದರ ಹೆಸರನ್ನು ‘ಸಕ್ರಿಯ ನಿಗಾ’ ಅಂತ ಬದಲಾಯಿಸಿದರು, ವಿವರಿಸುವ ಕ್ರಮ ತಿದ್ದಿದರು. ಒಪ್ಪುವವರು ಹತ್ತರಲ್ಲಿ ಏಳಕ್ಕೆ ಏರಿದರು.

ಕನ್ನಡದಲ್ಲಿ ‘ಕಾಯುವುದು’ ಅನ್ನೋದಕ್ಕೆ ಎರಡು ಅರ್ಥ ಇದೆ, ಅಲ್ವಾ? ಬಸ್ಸಿಗೆ ಕಾಯುವುದು ಒಂದು. ಬೆಳೆ ಕಾಯುವುದು ಇನ್ನೊಂದು. ಡಾಕ್ಟರು ನಿಮ್ಮ ತಂದೆಗೆ ಹೇಳಿದ್ದು ಎರಡನೆಯದು. ಮೊದಲನೆಯದೂ ವೈದ್ಯರಲ್ಲಿ ಇದೆ. ತುಂಬ ವಯಸ್ಸಾದವರಿಗೆ, ಬೇರೆ ದೊಡ್ಡ ಕಾಯಿಲೆ ಇರುವವರಿಗೆ, ತೊಂದರೆ ಕಾಣಿಸಿಕೊಂಡಾಗ ಅದಕ್ಕಷ್ಟೇ ಚಿಕಿತ್ಸೆ ಕೊಡುತ್ತಾರೆ. ನಿಮ್ಮ ತಂದೆಗೆ ಯಾವುದು ಅಂತ ನೇರವಾಗಿ ಕೇಳಿ ಖಚಿತ ಮಾಡಿಕೊಳ್ಳಿ.

ಇನ್ನು ಪ್ರೊಟೆಕ್ಟ್‌ನ ಫಲ. 15 ವರ್ಷಗಳ ಫಲಿತಾಂಶ 2023ರಲ್ಲಿ ಬಂತು. ಅಷ್ಟು ಹೊತ್ತಿಗೆ 1,643 ಜನರಲ್ಲಿ 356 ಜನ ತೀರಿಕೊಂಡಿದ್ದರು. ಪ್ರಾಸ್ಟೇಟ್ ಕ್ಯಾನ್ಸರಿನಿಂದ ಸತ್ತವರು 45. ನಿಗಾ ಗುಂಪಿನಲ್ಲಿ 17, ಆಪರೇಷನ್ ಗುಂಪಿನಲ್ಲಿ 12, ರೇಡಿಯೇಷನ್ ಗುಂಪಿನಲ್ಲಿ 16. ಒಂದೊಂದು ಗುಂಪಿನಲ್ಲೂ ಸುಮಾರು 550 ಜನ ಇದ್ದರು. ಈ ಅಂತರ ಆಕಸ್ಮಿಕವಾಗಿಯೂ ಬರಬಹುದಾದಷ್ಟು ಚಿಕ್ಕದು. ಯಾವ ದಾರಿ ಹಿಡಿದರೂ ನೂರಕ್ಕೆ ಸುಮಾರು 97 ಜನ ಈ ಕ್ಯಾನ್ಸರಿನಿಂದ ಸಾಯಲಿಲ್ಲ.

ಆದರೆ ನಿಗಾ ಪುಕ್ಕಟೆ ಅಲ್ಲ. ಇದನ್ನು ಮುಚ್ಚಿಟ್ಟರೆ ನಿಮಗೆ ಮೋಸ ಮಾಡಿದ ಹಾಗೆ. ಕ್ಯಾನ್ಸರ್ ದೇಹದ ಬೇರೆ ಕಡೆ ಹರಡಿದ್ದು ನಿಗಾ ಗುಂಪಿನಲ್ಲಿ ಶೇ 9.4, ಆಪರೇಷನ್ ಗುಂಪಿನಲ್ಲಿ ಶೇ 4.7, ರೇಡಿಯೇಷನ್ ಗುಂಪಿನಲ್ಲಿ ಶೇ 5. ಸಾವಿನ ಲೆಕ್ಕ ಹೆಚ್ಚು ಕಡಿಮೆ ಒಂದೇ ಆದರೂ ಹರಡುವುದು ಸುಮಾರು ಎರಡರಷ್ಟು. ನಿಗಾ ಅಂತ ಶುರು ಮಾಡಿದವರಲ್ಲಿ ನೂರಕ್ಕೆ ಸುಮಾರು 60 ಜನ ಈ 15 ವರ್ಷಗಳಲ್ಲಿ ಯಾವಾಗಲಾದರೂ ಆಪರೇಷನ್ನೋ ರೇಡಿಯೇಷನ್ನೋ ಮಾಡಿಸಿಕೊಂಡರು. ಸುಮಾರು ಕಾಲು ಭಾಗ ಜನ, ಅಂದರೆ 133 ಜನ, ಯಾವ ಚಿಕಿತ್ಸೆಯೂ ಇಲ್ಲದೆ ಬದುಕಿದ್ದರು.

ಇನ್ನೊಂದು ತಕ್ಕಡಿ ನೋಡಿ. ಪ್ರಾಸ್ಟೇಟ್ ಇರುವುದು ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು. ಮೂತ್ರ ಹಿಡಿಯುವ ಸ್ನಾಯು ಅದಕ್ಕೆ ತಾಗಿಕೊಂಡೇ ಇದೆ. ನಿಮಿರುವಿಕೆಗೆ ಬೇಕಾದ ನರಗಳು ಅದರ ಎರಡೂ ಪಕ್ಕದಲ್ಲಿ ಹಾದುಹೋಗುತ್ತವೆ. ಎಷ್ಟೇ ನುರಿತ ಕೈಯಾದರೂ ಇಷ್ಟು ಇಕ್ಕಟ್ಟಿನಲ್ಲಿ ಏನೂ ಪೆಟ್ಟಾಗದೆ ತೆಗೆಯುವುದು ಕಷ್ಟ. ಅದೇ ಅಧ್ಯಯನದಲ್ಲಿ, 6 ತಿಂಗಳಾದಾಗ ಆಪರೇಷನ್ ಗುಂಪಿನ ಶೇ 46 ಜನ ಮೂತ್ರ ಸೋರುವುದಕ್ಕೆ ಪ್ಯಾಡ್ ಬಳಸುತ್ತಿದ್ದರು. ನಿಗಾ ಗುಂಪಿನಲ್ಲಿ ಶೇ 4. ಆರು ವರ್ಷದ ಹೊತ್ತಿಗೆ ಇದು ಶೇ 17 ಮತ್ತು ಶೇ 8. ಲೈಂಗಿಕ ಸಂಪರ್ಕಕ್ಕೆ ಸಾಕಾಗುವಷ್ಟು ನಿಮಿರುವಿಕೆ ಶುರುವಿನಲ್ಲಿ ಶೇ 67 ಜನರಿಗೆ ಇತ್ತು. 6 ತಿಂಗಳಲ್ಲಿ ಆಪರೇಷನ್ ಗುಂಪಿನಲ್ಲಿ ಶೇ 12, ನಿಗಾ ಗುಂಪಿನಲ್ಲಿ ಶೇ 52. ವಯಸ್ಸಾದಂತೆ ಎಲ್ಲ ಗುಂಪಿನಲ್ಲೂ ಇದು ಇಳಿಯಿತು ನಿಜ. ಆದರೆ ಮಧ್ಯದ ಆ ವರ್ಷಗಳೂ ಬದುಕೇ.

ಪ್ರೊಟೆಕ್ಟ್‌ನಲ್ಲಿ ನಿಗಾ ಅಂದರೆ ಮುಖ್ಯವಾಗಿ ಪಿಎಸ್‌ಎ ರಕ್ತಪರೀಕ್ಷೆ, ಅಷ್ಟೆ. ಆಗ ಇಂದಿನಂಥ ಎಂಆರ್‌ಐ ಬಳಕೆಗೆ ಬಂದಿರಲಿಲ್ಲ. ಅದಕ್ಕೆ ಸೇರಿದವರಲ್ಲಿ ಸುಮಾರು ಮೂರನೇ ಒಂದು ಭಾಗದವರದ್ದು ನಿಮ್ಮ ತಂದೆಯದ್ದಕ್ಕಿಂತ ಹೆಚ್ಚು ಅಪಾಯದ ಕ್ಯಾನ್ಸರ್. ಈಗಿನ ನಿಗಾದಲ್ಲಿ ಕೆಲವು ತಿಂಗಳಿಗೊಮ್ಮೆ ಪಿಎಸ್‌ಎ, ಆಗಾಗ ಎಂಆರ್‌ಐ, ಬೇಕಾದಾಗ ಮತ್ತೆ ಬಯಾಪ್ಸಿ ಇರುತ್ತದೆ. ನಮೂನೆ 3ರಿಂದ 4ಕ್ಕೆ ಹೋಯಿತು, ಗಡ್ಡೆ ಬೆಳೆಯಿತು ಅಂದರೆ ಚಿಕಿತ್ಸೆಗೆ ಹೊರಳುತ್ತಾರೆ. ನಿಗಾ ನಿಯಮಿತವಾಗಿ ನಡೆದರೆ, ಆಗಲೂ ಗುಣಪಡಿಸುವ ಅವಕಾಶ ಸಾಮಾನ್ಯವಾಗಿ ಉಳಿದಿರುತ್ತದೆ.

ಒಂದು ಮಾತು ಡಾಕ್ಟರನ್ನು ಕೇಳಲೇಬೇಕು: ಬಯಾಪ್ಸಿಗೆ ಮೊದಲು ಎಂಆರ್‌ಐ ಆಗಿತ್ತಾ? 2018ರಲ್ಲಿ ಪ್ರಕಟವಾದ ‘ಪ್ರಿಸಿಷನ್’ ಎಂಬ ಅಧ್ಯಯನದಲ್ಲಿ 500 ಗಂಡಸರಿದ್ದರು. ಎಂಆರ್‌ಐ ನೋಡಿ ಸಂಶಯದ ಜಾಗಕ್ಕೇ ಸೂಜಿ ಹಾಕಿದ ಗುಂಪಿನಲ್ಲಿ ಗಂಭೀರ ಕ್ಯಾನ್ಸರ್ ಶೇ 38 ಜನರಲ್ಲಿ ಸಿಕ್ಕಿತು. ಹಳೆಯ ರೀತಿಯಲ್ಲಿ ಅಂದಾಜಿಗೆ ಸೂಜಿ ಹಾಕಿದವರಲ್ಲಿ ಶೇ 26. ಅಂದರೆ ಸೂಜಿ ತಪ್ಪಿದರೆ ಪಕ್ಕದಲ್ಲೇ ಇರುವ 4 ಕಾಣದೆ ಹೋಗಬಹುದು. ಎಂಆರ್‌ಐ ಆಗಿಲ್ಲದಿದ್ದರೆ, ನಿಗಾ ಶುರು ಮಾಡುವ ಮೊದಲು ಅದನ್ನು ಮಾಡಿಸುವ ಬಗ್ಗೆ ಮಾತಾಡಿ. ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಪ್ರಾಸ್ಟೇಟ್, ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಬಂದವರಿದ್ದರೆ ಅದನ್ನೂ ಹೇಳಿ. ಬಿಆರ್‌ಸಿಎ2 ಎಂಬ ಜೀನ್ ದೋಷ ಇರುವವರಲ್ಲಿ ಈ ಕ್ಯಾನ್ಸರ್ ಬೇಗ ಕೆರಳುತ್ತದೆ. ಮೂತ್ರ ಸರಾಗವಾಗಲಿ ಅಂತ ಫಿನಾಸ್ಟರೈಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದೂ ಡಾಕ್ಟರಿಗೆ ಗೊತ್ತಿರಬೇಕು. ಆ ಮಾತ್ರೆ ಪಿಎಸ್‌ಎಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ತಿಳಿಯದೆ ನೋಡಿದರೆ ಅಂಕಿ ಸುಳ್ಳು ಸಮಾಧಾನ ಕೊಡುತ್ತದೆ.

ಎಲ್ಲ ಕೇಳಿದ ಮೇಲೂ ಕೆಲವರಿಗೆ ‘ಒಳಗೆ ಇದೆ’ ಅನ್ನೋ ಯೋಚನೆಯಲ್ಲಿ ನಿದ್ದೆ ಬರುವುದಿಲ್ಲ. ಅವರು ಆಪರೇಷನ್ ಆರಿಸಿಕೊಂಡರೆ ಅದು ತಪ್ಪಲ್ಲ. ಆದರೆ ಆ ಆಯ್ಕೆ ನಿಮ್ಮ ತಂದೆಯದಾಗಿರಲಿ, ನಿಮ್ಮ ಭಯದ್ದಲ್ಲ. ಮುಂದಿನ ಸಲ ಹೋದಾಗ ನಿಮ್ಮ ಪ್ರಶ್ನೆ ಮುಗಿದ ಮೇಲೆ ಹತ್ತು ನಿಮಿಷ ಹೊರಗೆ ಕೂತಿರಿ. ಮೂತ್ರ ಸೋರುವುದು, ಹಾಸಿಗೆಯ ವಿಷಯ ಇವನ್ನೆಲ್ಲ ಮಕ್ಕಳ ಎದುರು ಬಾಯಿಬಿಟ್ಟು ಕೇಳಲು ಯಾವ ತಂದೆಗೂ ಕಷ್ಟ.